ಸೈನಸ್ಸು, ಸಿಂಬಳದ ಬಣ್ಣ ಮತ್ತೆ ಕ್ಯಾಲೆಂಡರು: ಓದುಗರ ಪ್ರಶ್ನೆಗೆ ಇಎನ್‌ಟಿ ಡಾಕ್ಟರ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೂಗಿನ ಸುತ್ತಾನೇ ಸುತ್ತುತ್ತಿವೆ. ಕಿವಿ, ಗಂಟಲಿನವರು ಬೇಜಾರು ಮಾಡ್ಕೋಬೇಡಿ, ನಿಮ್ಮ ಸರದಿ ಮುಂದಿನ ಸಂಚಿಕೆಗೆ. ಒಂದೇ ತರ ಇದ್ದ ಪತ್ರಗಳನ್ನ ಸೇರಿಸಿ ಒಂದೊಂದು ಪ್ರಶ್ನೆ ಮಾಡ್ಕೊಂಡಿದೀನಿ, ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರೇ, ನೆಗಡಿ ಶುರುವಾಗಿ ಇವತ್ತಿಗೆ 6 ದಿನ. ಮೊದಲೆರಡು ದಿನ ನೀರಿನ ತರ ಸುರೀತಿತ್ತು, ಈಗ ಗಟ್ಟಿ ಹಸಿರು ಸಿಂಬಳ, ಕೆನ್ನೆ ಒತ್ತಿದ್ರೆ ನೋವು, ತಲೆ ಭಾರ. ಸೈನಸ್ ಇನ್‌ಫೆಕ್ಷನ್ ಆಗಿದೆ ಅಂತ ಎಲ್ಲರೂ ಹೇಳ್ತಿದಾರೆ. ಹೋದ ವರ್ಷ ಗಂಟಲು ನೋವಿಗೆ ಬರೆದುಕೊಟ್ಟಿದ್ದ ಆಂಟಿಬಯಾಟಿಕ್ ಸ್ಟ್ರಿಪ್‌ನಲ್ಲಿ 4 ಮಾತ್ರೆ ಉಳಿದಿದೆ, ಶುರು ಮಾಡ್ಲಾ?

ಉತ್ತರ: ಬೇಡ. 4 ಮಾತ್ರೆ ಉಳಿದಿದೆ ಅಂದ್ರೆ ಹೋದ ವರ್ಷ ಕೋರ್ಸ್ ಅರ್ಧಕ್ಕೇ ಬಿಟ್ಟಿದೀರ ಅಂತ ಅರ್ಥ, ಅದಕ್ಕೆ ಬೈಯೋದು ಆಮೇಲೆ.

ಮೊದಲು ಈ ಬಣ್ಣದ ವಿಷಯ ಮುಗಿಸೋಣ. ನನ್ನ ರೂಮಿಗೆ ಬರೋರು ಕುರ್ಚಿ ಎಳ್ಕೊಳ್ಳೋ ಮುಂಚೇನೇ "ಹಸಿರಾಗಿದೆ ಡಾಕ್ಟ್ರೇ" ಅಂತಾರೆ, ಕೆಲವರು ಟಿಶ್ಯೂ ಪೇಪರ್ ಮೇಲೆ ಸೀನಿ, ಕಿಟಕಿ ಬೆಳಕಲ್ಲಿ ಚೆನ್ನಾಗಿ ಫೋಟೋ ತೆಗೆದು ಫೋನಲ್ಲಿ ಇಟ್ಕೊಂಡೇ ಬರ್ತಾರೆ. ಆ ಹಸಿರು ಬರೋದು ನಿಮ್ಮದೇ ಬಿಳಿ ರಕ್ತಕಣದಿಂದ. ಅದರೊಳಗೆ ಕಬ್ಬಿಣದ ಅಂಶ ಇರೋ ಒಂದು ಎನ್‌ಜೈಮ್ ಇದೆ, ಅದರ ಬಣ್ಣಾನೇ ಹಸಿರು, ರಕ್ತಕಣ ಸೋಂಕಿನ ಜೊತೆ ಹೊಡೆದಾಡಿ ಒಡೆದು ಹೋದಾಗ ಅದು ಸಿಂಬಳಕ್ಕೆ ಸೇರ್ಕೊಳ್ಳತ್ತೆ. ಎದುರಾಳಿ ವೈರಸ್ಸೋ ಬ್ಯಾಕ್ಟೀರಿಯಾನೋ ಅನ್ನೋದನ್ನ ಆ ಬಣ್ಣ ಹೇಳಲ್ಲ. ಮಾಮೂಲಿ ನೆಗಡಿ ಕೂಡ ನೀರಾಗಿ ಶುರುವಾಗಿ, ಮೂರು ನಾಲ್ಕನೇ ದಿನಕ್ಕೆ ಗಟ್ಟಿ ಹಳದಿ ಹಸಿರಾಗಿ, ಮತ್ತೆ ತೆಳುವಾಗಿ ಹೋಗೋದೇ ಅದರ ದಾರಿ. ನೀವೀಗ ಆ ದಾರಿ ಮಧ್ಯದಲ್ಲಿದೀರ ಅಷ್ಟೆ.

ಬಣ್ಣ ಬಿಟ್ಟು ದಿನ ಎಣಿಸಿ. ನಾವು ಡಾಕ್ಟರುಗಳು ಬ್ಯಾಕ್ಟೀರಿಯಾ ಇರಬಹುದು ಅಂತ ಯೋಚನೆ ಮಾಡೋದು ಮೂರು ಸಂದರ್ಭದಲ್ಲಿ. 10 ದಿನ ಆದ್ರೂ ಒಂಚೂರೂ ಇಳೀದೇ ಹಾಗೇ ಇದ್ರೆ ಒಂದು. ಶುರುವಿಗೇ 102 ಡಿಗ್ರಿ ಮೇಲೆ ಜ್ವರ, ಜೊತೆಗೆ ಕೀವಿನಂಥ ಸಿಂಬಳ, ಮುಖದ ನೋವು, ಇದು 3-4 ದಿನ ಬಿಡದೇ ಇದ್ರೆ ಇನ್ನೊಂದು. ಮೂರನೇದೇ ಸ್ವಲ್ಪ ಕಳ್ಳ: ಐದಾರು ದಿನಕ್ಕೆ ನೆಗಡಿ ವಾಸಿ ಆಗ್ತಾ ಬಂತು, ಆಫೀಸಿಗೂ ಹೋದ್ರಿ, ಆಮೇಲೆ ಇದ್ದಕ್ಕಿದ್ದಂಗೆ ಮತ್ತೆ ಜ್ವರ, ಮತ್ತೆ ತಲೆನೋವು, ಮೂಗು ಮೊದಲಿಗಿಂತ ಜಾಸ್ತಿ ಕಟ್ಟಿತು. ಹೀಗೆ ಇಳಿದು ಏರಿದ್ರೆ ತಡ ಮಾಡದೇ ತೋರಿಸಿ. ದೊಡ್ಡವರಲ್ಲಿ 100 ನೆಗಡಿಯಲ್ಲಿ ಈ ಬ್ಯಾಕ್ಟೀರಿಯಾ ಹಂತಕ್ಕೆ ಹೋಗೋದು ಹೆಚ್ಚಂದ್ರೆ ಎರಡು. ಆ ಎರಡರಲ್ಲೂ ಎಷ್ಟೋ ಸಲ ಮೈ ತಾನಾಗೇ ಸರಿ ಮಾಡ್ಕೊಳ್ಳತ್ತೆ, ಅದಕ್ಕೇ ಈಗ ಹಲವು ಡಾಕ್ಟರು ಇನ್ನೊಂದು ವಾರ ನೋಡೋಣ, ಏರಿದ್ರೆ ಫೋನ್ ಮಾಡಿ ಅಂತ ಕಳಿಸ್ತಾರೆ. ಔಷಧಿ ಕೊಡದೇ ಕಳಿಸಿದ್ರು ಅಂತ ಅವರನ್ನ ಬೈಬೇಡಿ. ನಿಜವಾಗಿ ಬೇಕಾದಾಗ ಸಾಮಾನ್ಯವಾಗಿ ಅಮಾಕ್ಸಿಸಿಲಿನ್, ಇಲ್ಲಾ ಅದಕ್ಕೆ ಕ್ಲಾವುಲನೇಟ್ ಸೇರಿಸಿರೋದು, ದೊಡ್ಡವರಿಗೆ 5ರಿಂದ 7 ದಿನ. ನಿಮ್ಮ 4 ಮಾತ್ರೆ ಯಾವ ಲೆಕ್ಕಕ್ಕೂ ಸಾಲಲ್ಲ, ಮೇಲಾಗಿ ಅದು ಈ ಬ್ಯಾಕ್ಟೀರಿಯಾಕ್ಕೆ ಹೊಂದೋ ಔಷಧಿನಾ ಅನ್ನೋದೂ ಗೊತ್ತಿಲ್ಲ. ಸದ್ಯಕ್ಕೆ ನೋವಿಗೆ ಪ್ಯಾರಸಿಟಮಾಲ್, ಮೂಗಿಗೆ ಉಪ್ಪುನೀರು, ರಾತ್ರಿ ತಲೆ ಕೆಳಗೆ ಇನ್ನೊಂದು ದಿಂಬು. ಹತ್ತನೇ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಟ್ಕೊಳ್ಳಿ.

ಪ್ರಶ್ನೆ: "ನನಗೆ ಸೈನಸ್ ಇದೆ" ಅಂತ ಎಲ್ಲರೂ ಅಂತಾರಲ್ಲ, ಅದು ಇರೋದೆಲ್ಲಿ? ಬಗ್ಗಿದ ತಕ್ಷಣ ಯಾಕೆ ಮುಖ ಪೂರ್ತಿ ಕಿತ್ತು ಬಂದಂಗಾಗತ್ತೆ?

ಉತ್ತರ: ಸೈನಸ್ ನಿಮಗೂ ಇದೆ ನನಗೂ ಇದೆ, ಅದು ಕಾಯಿಲೆ ಹೆಸರೇ ಅಲ್ಲ, ಜಾಗದ ಹೆಸರು. ಮುಖದ ಮೂಳೆ ಒಳಗೆ ಗಾಳಿ ತುಂಬಿರೋ ಖಾಲಿ ಕೋಣೆಗಳು, ನಾಲ್ಕು ಜೊತೆ: ಕೆನ್ನೆಯಲ್ಲಿ ದೊಡ್ಡದು, ಹುಬ್ಬಿನ ಮೇಲೆ ಹಣೆಯಲ್ಲೊಂದು, ಎರಡು ಕಣ್ಣಿನ ಮಧ್ಯೆ ಜೇನುಗೂಡಿನ ತರ ಸಣ್ಣ ಸಣ್ಣವು, ಮತ್ತೆ ತಲೆಬುರುಡೆಯ ಮಧ್ಯದಲ್ಲಿ, ಕಣ್ಣಿನಿಂದ ಹಿಂದೆ ಒಳಗಡೆ ಒಂದು. ಆ ಕೋಣೆಗಳಿಗೆ ಊತ ಬಂದ್ರೆ ಅದು ಸೈನಸೈಟಿಸ್.

ತಮಾಷೆ ಇರೋದು ಕೆನ್ನೆ ಸೈನಸ್‌ನಲ್ಲಿ. ನೀರಿನ ಟ್ಯಾಂಕಿಗೆ ಔಟ್‌ಲೆಟ್ ಪೈಪು ತಳದಲ್ಲಿ ಇಡ್ತೀವಲ್ಲ, ಇಲ್ಲಿ ಅದು ಮೇಲ್ಗಡೆ ಇದೆ. ಅದರ ಅಗಲ ಎರಡು ಮೂರು ಮಿಲಿಮೀಟರ್. ಹಾಗಿದ್ರೆ ಲೋಳೆ ಹೊರಗೆ ಹೋಗೋದು ಹೇಗೆ? ಒಳಗೋಡೆ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ, ಅವು ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಸಲ ಬಡಿದು ಬಡಿದು ಲೋಳೆಯನ್ನ ಗೋಡೆ ಮೇಲೆ ಹತ್ತಿಸಿ ಆ ಬಾಗಿಲು ಮುಟ್ಟಿಸ್ತವೆ, ಗುರುತ್ವಾಕರ್ಷಣೆಗೆ ವಿರುದ್ಧ, ದಿನಪೂರ್ತಿ, ನೀವು ನಿದ್ದೆ ಮಾಡುವಾಗಲೂ. ನೆಗಡಿ ವೈರಸ್ ಬಂತು, ಬಾಗಿಲ ಸುತ್ತಲಿನ ಪದರ ಊದಿತು, ಬಾಗಿಲು ಮುಚ್ಚಿತು, ರೋಮಗಳೂ ಸುಸ್ತಾದವು. ಲೋಳೆ ಒಳಗೇ ನಿಂತು, ಅಲ್ಲಿ ಮೊದಲೇ ಠಿಕಾಣಿ ಹೂಡಿದ್ದ ಬ್ಯಾಕ್ಟೀರಿಯಾಕ್ಕೆ ಒಳ್ಳೇ ಜಾಗ ಸಿಕ್ತು. ಊದಿರೋ ಪದರದ ಮೇಲೆ ಒತ್ತಡ ಏರಿದಾಗ ನೋವು ಬರತ್ತೆ, ಬಗ್ಗಿದಾಗ ಮುಖಕ್ಕೆ ರಕ್ತ ನುಗ್ಗಿ ಆ ಒತ್ತಡ ಇನ್ನೂ ಏರತ್ತೆ, ಚಪ್ಪಲಿ ಹಾಕ್ಕೊಳ್ಳೋಕೆ ಬಗ್ಗಿದಾಗ ಅಯ್ಯೋ ಅನ್ನೋದು ಅದಕ್ಕೇ.

ಬಾಗಿಲು ಮುಚ್ಚೋಕೆ ನೆಗಡಿ ಒಂದೇ ಕಾರಣ ಅಲ್ಲ. ಅಲರ್ಜಿ, ಸಿಗರೇಟ್ ಹೊಗೆ (ನೀವೇ ಸೇದಬೇಕಂತಿಲ್ಲ, ಪಕ್ಕದವರು ಸೇದಿದ್ರೂ ಸಾಕು), ಮೂಗಿನ ಮಧ್ಯದ ಗೋಡೆ ಸೊಟ್ಟ ಇರೋದು, ಒಳಗೆ ಮಾಂಸ ಬೆಳೆದಿರೋದು, ಮೇಲ್ದವಡೆ ಹಲ್ಲು ಹುಳುಕಾಗಿರೋದು, ಎಲ್ಲಾ ಸೇರತ್ತೆ. ತಲೆ ಒದ್ದೆ ಇದ್ರೆ ಸೈನಸ್ ಬರತ್ತೆ ಅನ್ನೋದು ಮಾತ್ರ ಸುಮ್ನೆ, ನೀರು ನೆತ್ತಿಯಿಂದ ಮೂಳೆ ದಾಟಿ ಒಳಗೆ ಇಳಿಯಲ್ಲ.

ಪ್ರಶ್ನೆ: ಮೂಗು ಕಟ್ಟಿದಾಗ ಹಾಕ್ಕೊಳ್ಳೋ ಡ್ರಾಪ್ಸ್ ಎರಡು ವರ್ಷದಿಂದ ಬಿಟ್ಟಿರೋಕೇ ಆಗ್ತಿಲ್ಲ. ಮೊದಲು ರಾತ್ರಿ ಒಂದು ಸಲ ಹಾಕ್ತಿದ್ದೆ, ಈಗ ಎರಡು ಗಂಟೆಗೊಂದು ಸಲ. ಹಾಸಿಗೆ ಪಕ್ಕ ಒಂದು, ಬ್ಯಾಗಲ್ಲಿ ಒಂದು, ಆಫೀಸ್ ಡ್ರಾಯರ್‌ನಲ್ಲಿ ಒಂದು ಬಾಟಲಿ. ನನ್ನ ಸೈನಸ್ ಇಷ್ಟು ಹಠಮಾರಿ ಯಾಕೆ?

ಉತ್ತರ: ಹಠ ಮಾಡ್ತಿರೋದು ಸೈನಸ್ ಅಲ್ಲ ಸ್ವಾಮಿ, ಬಾಟಲಿ. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಅಂತ ಲೇಬಲ್ ಮೇಲೆ ಇದೆಯಾ ನೋಡಿ, ಇದ್ದೇ ಇರತ್ತೆ. ಇವು ಮೂಗಿನೊಳಗಿನ ರಕ್ತನಾಳಗಳನ್ನ ಬಿಗಿ ಮಾಡ್ತವೆ, ಎರಡೇ ನಿಮಿಷದಲ್ಲಿ ಮೂಗು ಬಯಲಾಗತ್ತೆ, ಅಂಥ ಸುಖ ಬೇರೆ ಯಾವ ಔಷಧಿಯಲ್ಲೂ ಇಲ್ಲ ಅಂತ ನಾನೂ ಒಪ್ಕೋತೀನಿ. ಆದ್ರೆ ಔಷಧಿ ಇಳಿದ ಮೇಲೆ ಅದೇ ನಾಳಗಳು ಮೊದಲಿಗಿಂತ ದಪ್ಪ ಊದ್ಕೋತವೆ, ನೀವು ಮತ್ತೆ ಹಾಕ್ತೀರ, ಅವು ಮತ್ತೆ ಊದ್ತವೆ. 3 ದಿನ, ತಪ್ಪಿದ್ರೆ 5 ದಿನ, ಅದಕ್ಕಿಂತ ಮುಂದೆ ಹೋಗಬಾರದು ಅಂತ ಬಾಟಲಿ ಮೇಲೇ ಸಣ್ಣ ಅಕ್ಷರದಲ್ಲಿ ಬರೆದಿರತ್ತೆ, ಮೂಗು ಕಟ್ಟಿದೋರು ಸಣ್ಣ ಅಕ್ಷರ ಓದ್ತಾರಾ.

ಬಿಡೋಕೆ ದಾರಿ ಇದೆ. ಡಾಕ್ಟ್ರಿಗೆ ತೋರಿಸಿ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಶುರು ಮಾಡ್ಕೊಳ್ಳಿ, ಫ್ಲುಟಿಕಾಸೋನ್, ಮೊಮೆಟಾಸೋನ್ ಅಂತ ಏನಾದ್ರೂ ಬರೀತಾರೆ. ಆಮೇಲೆ ಎರಡೂ ಹೊಳ್ಳೆಗೆ ಒಟ್ಟಿಗೆ ಡ್ರಾಪ್ಸ್ ನಿಲ್ಲಿಸೋ ಬದಲು ಮೊದಲು ಬಲಗಡೆ ನಿಲ್ಲಿಸಿ, ಎಡಗಡೆ ಹಾಕ್ತಾ ಇರಿ, ಬಲಗಡೆ ತಾನಾಗೇ ತೆರ್ಕೊಂಡ ಮೇಲೆ ಎಡಗಡೆದೂ ನಿಲ್ಲಿಸಿ. ಕನಿಷ್ಠ ಒಂದು ಹೊಳ್ಳೆಯಲ್ಲಾದ್ರೂ ಉಸಿರು ಇರತ್ತಲ್ಲ, ನಿದ್ದೆ ಬರತ್ತೆ. ಮೊದಲ ಮೂರು ನಾಲ್ಕು ರಾತ್ರಿ ಕಷ್ಟ, ಸುಳ್ಳು ಹೇಳಲ್ಲ. ಒಂದೆರಡು ವಾರದಲ್ಲಿ ದಾರಿಗೆ ಬರತ್ತೆ.

ಸ್ಟೀರಾಯ್ಡ್ ಅಂದ ತಕ್ಷಣ ಹೆದರಬೇಡಿ, ಮೂಗಿನ ಸ್ಪ್ರೇಯಲ್ಲಿ ಮೈಗೆ ಸೇರೋದು ತುಂಬಾ ಕಡಿಮೆ. ಆದ್ರೆ ಹೊಡ್ಕೊಳ್ಳೋ ರೀತಿ ಸರಿ ಇರಬೇಕು. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ, ನಳಿಕೆ ತುದಿ ಅದೇ ಕಡೆಯ ಕಿವಿಯತ್ತ ತಿರುಗಿರಲಿ, ಮಧ್ಯದ ಗೋಡೆಗೆ ತಾಗಬಾರದು. ಮಧ್ಯಕ್ಕೇ ಹೊಡೀತಾ ಇದ್ರೆ ಗೋಡೆ ಒಣಗಿ ರಕ್ತ ಬರತ್ತೆ. ಹೊಡೆದ ಮೇಲೆ ಜೋರಾಗಿ ಎಳ್ಕೋಬೇಡಿ, ಗಂಟಲಲ್ಲಿ ಕಹಿ ಬಂತು ಅಂದ್ರೆ ಔಷಧಿ ಮೂಗು ಬಿಟ್ಟು ಹೊಟ್ಟೆಗೆ ಹೋಯ್ತು ಅಂತಾನೇ. ಇದು ಎರಡು ನಿಮಿಷದ ಔಷಧಿ ಅಲ್ಲ, ಪೂರ್ತಿ ಕೆಲಸ ಕಾಣೋಕೆ ಒಂದೆರಡು ವಾರ ಬೇಕು, ಎರಡು ದಿನ ಹೊಡೆದು ಏನೂ ಆಗಲಿಲ್ಲ ಅಂತ ಬಿಸಾಕೋರೇ ಜಾಸ್ತಿ.

ಡ್ರಾಪ್ಸ್ ಬದಲು ಮಾತ್ರೆ ತಗೊಳ್ಲಾ ಅಂತಾನೂ ಇನ್ನೊಬ್ಬರು ಕೇಳಿದಾರೆ. ನೆಗಡಿ ಮಾತ್ರೆಗಳಲ್ಲಿ ಇರೋ ಫಿನೈಲ್‌ಎಫ್ರಿನ್ ಬಾಯಲ್ಲಿ ನುಂಗಿದ್ರೆ ಮೂಗು ಬಿಡಿಸಲ್ಲ ಅಂತ 2023ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ಒಮ್ಮತದಿಂದಲೇ ಹೇಳಿಬಿಡ್ತು. ಬಿಪಿ ಇರೋರು ಮೂಗು ಬಿಡಿಸೋ ಯಾವ ಮಾತ್ರೆಯನ್ನೂ ಕೇಳದೇ ನುಂಗಬೇಡಿ.

ಪ್ರಶ್ನೆ: 8 ವರ್ಷದಿಂದ ಸೈನಸ್ ತಲೆನೋವು. ತಿಂಗಳಿಗೆ ಎರಡು ಮೂರು ಸಲ ಬರತ್ತೆ, ಹುಬ್ಬಿನ ಹತ್ರ, ಕೆನ್ನೆ ಹತ್ರ, ಜಾಸ್ತಿ ಒಂದೇ ಕಡೆ. ಮೂಗೂ ಸ್ವಲ್ಪ ಸೋರತ್ತೆ, ಕಣ್ಣಲ್ಲಿ ನೀರು. ಲೈಟ್ ಆಫ್ ಮಾಡಿ ಮಲಗಿದ್ರೆ ಮರುದಿನ ಸರಿ ಹೋಗತ್ತೆ. ಎಷ್ಟು ಕೋರ್ಸ್ ಆಂಟಿಬಯಾಟಿಕ್ ಆಯ್ತೋ ಲೆಕ್ಕ ಇಲ್ಲ. ಆಪರೇಷನ್ ಮಾಡಿಸಬೇಕಾ?

ಉತ್ತರ: ನಿಮ್ಮ ಪತ್ರವನ್ನ ಎರಡು ಸಲ ಓದಿದೆ. "ಲೈಟ್ ಆಫ್ ಮಾಡಿ ಮಲಗಿದ್ರೆ" ಅಂತ ನೀವೇ ಬರೆದಿರೋ ಆ ಒಂದು ಸಾಲಲ್ಲಿ ಉತ್ತರ ಇದೆ. ನಿಮ್ಮದು ಬಹುಶಃ ಮೈಗ್ರೇನ್.

ಬ್ಯಾಕ್ಟೀರಿಯಾ ಸೈನಸ್ ಸೋಂಕು ತಿಂಗಳಿಗೆ ಮೂರು ಸಲ ಬಂದು, ಒಂದು ರಾತ್ರಿ ಕತ್ತಲಲ್ಲಿ ಮಲಗಿದ್ದಕ್ಕೆ ಹೊರಟು ಹೋಗಲ್ಲ. ಅದು ಬಂದ್ರೆ ವಾರಗಟ್ಟಲೆ ಕೂರತ್ತೆ, ಕೀವಿನಂಥ ಸಿಂಬಳ ಬರತ್ತೆ, ವಾಸನೆ ಗೊತ್ತಾಗಲ್ಲ, ಮೂಗು ಗಟ್ಟಿಯಾಗಿ ಕಟ್ಟತ್ತೆ. ಮೈಗ್ರೇನ್‌ನಲ್ಲಿ ಮೂಗು ಸೋರತ್ತಾ ಅಂತ ಕೇಳ್ತೀರ. ಸೋರತ್ತೆ, ಕಣ್ಣಲ್ಲೂ ನೀರು ಬರತ್ತೆ, ಯಾಕಂದ್ರೆ ಮುಖಕ್ಕೂ ಮೂಗಿಗೂ ಸೈನಸ್‌ಗೂ ತಲೆಯ ಪೊರೆಗೂ ಸಂವೇದನೆ ಒಯ್ಯೋದು ಒಂದೇ ನರದ ಕವಲುಗಳು, ಅದು ಕೆರಳಿದಾಗ ಮೂಗಿನ ರಕ್ತನಾಳಗಳೂ ಅದಕ್ಕೆ ಸ್ಪಂದಿಸ್ತವೆ. ನೀರಿನಂಥದ್ದು ಸೋರೋದು, ಕೀವಲ್ಲ. 2004ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಸೈನಸ್ ತಲೆನೋವು ಅಂತ ತಾವೇ ತಿಳ್ಕೊಂಡಿದ್ದ ಇಲ್ಲಾ ಡಾಕ್ಟ್ರು ಹಾಗಂದಿದ್ದ 2991 ಜನರನ್ನ ವಿಚಾರಿಸಿ ನೋಡಿದಾಗ 88% ಜನರದ್ದು ಮೈಗ್ರೇನ್ ಲಕ್ಷಣಕ್ಕೇ ಹೊಂದ್ತಿತ್ತು. ನೂರಕ್ಕೆ ಎಂಬತ್ತೆಂಟು! ಆ ಎಂಬತ್ತೆಂಟರಲ್ಲಿ ಎಷ್ಟು ಜನ ಎಷ್ಟು ವರ್ಷ ತಪ್ಪು ಮಾತ್ರೆ ನುಂಗಿದ್ರೋ.

ಮುಂದಿನ ಸಲ ನೋವು ಬಂದಾಗ ಒಂದು ಪುಸ್ತಕದಲ್ಲಿ ಬರ್ಕೊಳ್ಳಿ: ಎಷ್ಟು ಗಂಟೆಗೆ ಶುರು, ಎಷ್ಟು ಹೊತ್ತು, ವಾಕರಿಕೆ ಇತ್ತಾ, ಬೆಳಕು ಸದ್ದು ತಡ್ಕೊಳ್ಳೋಕೆ ಆಗ್ತಿತ್ತಾ, ಮೆಟ್ಟಿಲು ಹತ್ತಿದ್ರೆ ಜಾಸ್ತಿ ಆಯ್ತಾ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಹೆಂಗಸರಾದ್ರೆ ಮುಟ್ಟಿನ ದಿನ ಹತ್ರ ಇತ್ತಾ. ಎರಡು ತಿಂಗಳ ಆ ಪುಸ್ತಕ ಹಿಡ್ಕೊಂಡು ನರರೋಗ ತಜ್ಞರ ಹತ್ರ ಹೋಗಿ. ಮೂಗಿನ ಆಪರೇಷನ್ ಸದ್ಯಕ್ಕೆ ಮರೆತುಬಿಡಿ, ಮೈಗ್ರೇನ್‌ಗೆ ಮೂಗು ಕುಯ್ದ್ರೆ ಮೈಗ್ರೇನೂ ಇರತ್ತೆ, ಗಾಯವೂ ಇರತ್ತೆ.

ಪ್ರಶ್ನೆ: ಎಕ್ಸ್‌ರೇ ತೆಗೆಸಿದ್ರೆ ಸೈನಸ್ ಇದೆಯೋ ಇಲ್ಲವೋ ಗೊತ್ತಾಗಿ ಹೋಗಲ್ವಾ?

ಉತ್ತರ: ಇಲ್ಲ. 1994ರಲ್ಲಿ ಮಾಮೂಲಿ ನೆಗಡಿ ಇದ್ದ 31 ಜನರನ್ನ ಸಿಟಿ ಸ್ಕ್ಯಾನ್ ಮಾಡಿ ನೋಡಿದ್ರು, 87% ಜನರ ಕೆನ್ನೆ ಸೈನಸ್‌ನಲ್ಲಿ ಏನೋ ಒಂದು ಕಾಣಿಸ್ತು, ಅವರಿಗೆ ಇದ್ದದ್ದು ಬರೀ ನೆಗಡಿ. ನೆಗಡಿ ಇದ್ದಾಗ ಎಕ್ಸ್‌ರೇ ತೆಗೆದ್ರೆ ಕೆನ್ನೆ ಬೆಳ್ಳಗೆ ಕಾಣತ್ತೆ, ನೀವು ಹೆದರ್ತೀರ, ಅಷ್ಟೇ ಲಾಭ. ಸಿಟಿ ಬೇಕಾಗೋದು ತಿಂಗಳುಗಟ್ಟಲೆ ಎಳೀತಿದ್ರೆ, ಆಪರೇಷನ್ ಯೋಚನೆ ಇದ್ರೆ, ಇಲ್ಲಾ ಸೋಂಕು ಕಣ್ಣಿಗೋ ಮೆದುಳಿಗೋ ಹೋಗಿದೆ ಅಂತ ಅನುಮಾನ ಬಂದ್ರೆ.

ಪ್ರಶ್ನೆ: ಉಪ್ಪುನೀರಿಂದ ಮೂಗು ತೊಳೀರಿ ಅಂತ ಪ್ರತಿ ಸಲ ಬರೀತೀರ. ಒಂದು ಸಲ ಪ್ರಯತ್ನ ಪಟ್ಟೆ, ಉರಿ ತಡೆಯೋಕಾಗದೇ ನಲ್ಲಿ ಹತ್ರಾನೇ ಕೂತ್ಬಿಟ್ಟೆ. ಅದಕ್ಕಿಂತ ಹಬೆ ತಗೊಳ್ಳೋದೇ ವಾಸಿ ಅಲ್ವಾ?

ಉತ್ತರ: ನೀವು ಹಾಕಿದ್ದು ಬರೀ ನಲ್ಲಿ ನೀರು, ಇಲ್ಲಾ ಉಪ್ಪು ಅಂದಾಜಿಗೆ ಹಾಕಿದ್ರಿ, ಎರಡರಲ್ಲಿ ಒಂದು. ಮೈಯ ಉಪ್ಪಿನಂಶಕ್ಕೆ ಹೊಂದದ ನೀರು ಮೂಗಿಗೆ ಹೋದ್ರೆ ಉರೀದೇ ಇರತ್ತಾ, ಈಜುವಾಗ ಮೂಗಿಗೆ ನೀರು ಹೋದಾಗ ನೆತ್ತಿಗೆ ಹತ್ತತ್ತಲ್ಲ, ಅದೇ ಇದು.

ಲೆಕ್ಕ ಇಲ್ಲಿದೆ. 240 ಎಂಎಲ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಅಯೋಡಿನ್ ಸೇರಿಸದೇ ಇರೋದಾದ್ರೆ ಒಳ್ಳೇದು, ಜೊತೆಗೆ ಒಂದು ಚಿಟಿಕೆ ಅಡಿಗೆ ಸೋಡಾ, ಉರಿ ತಗ್ಗಿಸೋಕೆ. ನೀರನ್ನ 3ರಿಂದ 5 ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಉಗುರುಬೆಚ್ಚಗೆ ಇರುವಾಗ ಬಳಸಿ, ಇಲ್ಲಾ ಡಿಸ್ಟಿಲ್ಡ್ ವಾಟರ್. ಕುದಿಸೋದನ್ನ ದಯವಿಟ್ಟು ತಪ್ಪಿಸಬೇಡಿ. ನೆಗ್ಲೇರಿಯಾ ಫೌಲೆರಿ ಅಂತ ಒಂದು ಅಮೀಬಾ ಇದೆ, ಕುಡಿದ್ರೆ ಏನೂ ಮಾಡಲ್ಲ, ಮೂಗಿನ ದಾರಿಯಲ್ಲಿ ಹೋದ್ರೆ ವಾಸನೆಯ ನರ ಹಿಡ್ಕೊಂಡು ಮೆದುಳಿಗೆ ಹತ್ತತ್ತೆ, ಹತ್ತಿದೋರು ಬದುಕೋದೇ ಅಪರೂಪ. ಕಾಯಿಲೆಯೂ ತುಂಬಾ ಅಪರೂಪದ್ದೇ, ಆದ್ರೂ 5 ನಿಮಿಷ ಕುದಿಸೋಕೆ ಸೋಮಾರಿತನ ಮಾಡಿ ಅದನ್ನ ಕರ್ಕೊಳ್ಳೋದ್ಯಾಕೆ.

ಸಿಂಕ್ ಮೇಲೆ ಬಗ್ಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡ್ತಾ ಮೇಲಿನ ಹೊಳ್ಳೆಗೆ ನಿಧಾನಕ್ಕೆ ಬಿಡಿ, ಕೆಳಗಿನ ಹೊಳ್ಳೆಯಿಂದ ಬರತ್ತೆ. ಗಂಟಲಿಗೆ ಇಳೀತಿದ್ರೆ "ಕ ಕ ಕ" ಅಂತ ಹೇಳ್ತಾ ಇರಿ, ಅಂಗುಳದ ಹಿಂಭಾಗ ಮೇಲೆದ್ದು ದಾರಿ ಮುಚ್ಚತ್ತೆ, ನೋಡಿದೋರು ನಕ್ಕರೆ ನಗಲಿ. ಮುಗಿದ ಮೇಲೆ ಎರಡೂ ಹೊಳ್ಳೆ ಒತ್ತಿ ಹಿಡಿದು ಜೋರಾಗಿ ಸೀನಬೇಡಿ, ನೀರು ಕಿವಿಗೆ ಹೋಗತ್ತೆ. ಬಾಟಲಿ ತೊಳೆದು ಒಣಗಿಸಿಡಿ. ಸ್ಟೀರಾಯ್ಡ್ ಸ್ಪ್ರೇ ಇದ್ರೆ ತೊಳೆದು ಹತ್ತು ಹದಿನೈದು ನಿಮಿಷ ಬಿಟ್ಟು ಹೊಡ್ಕೊಳ್ಳಿ, ಉಲ್ಟಾ ಮಾಡಿದ್ರೆ ದುಡ್ಡು ಕೊಟ್ಟ ಔಷಧಿ ಸಿಂಕ್ ಪಾಲು.

ಹಬೆ ತಗೊಂಡ್ರೆ ಹಿತ ಅನ್ನಿಸತ್ತೆ ನಿಜ, ಅದರಿಂದ ಸೋಂಕು ಬೇಗ ವಾಸಿ ಆಗತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ನನಗೆ ಭಯ ಇರೋದು ಆ ಕುದಿಯೋ ಪಾತ್ರೆ ಬಗ್ಗೆ. ಮೊಣಕಾಲ ಮಧ್ಯೆ ಪಾತ್ರೆ, ತಲೆ ಮೇಲೆ ಟವೆಲ್, ಏನೂ ಕಾಣಲ್ಲ, ಪಕ್ಕದಲ್ಲಿ ಮಗು ಬಂದು ಎಳೀತು ಅಂದ್ರೆ ಮುಗೀತು, ತೊಡೆ ಸುಟ್ಕೊಂಡೋರನ್ನ ನೋಡಿದೀನಿ. ಮಕ್ಕಳಿಗಂತೂ ಪಾತ್ರೆ ಹಬೆ ಬೇಡವೇ ಬೇಡ. ಬಿಸಿನೀರಿನ ಶವರ್ ಬಿಟ್ಟು ಬಾತ್‌ರೂಮಲ್ಲಿ ಹತ್ತು ನಿಮಿಷ ನಿಂತ್ರೆ ಅದೇ ಹಿತ ಸಿಗತ್ತೆ.

ಪ್ರಶ್ನೆ: ಎಡಗಡೆ ಹೊಳ್ಳೆಯಿಂದ ಮಾತ್ರ ಸಿಂಬಳ, ಕೊಳೆತ ವಾಸನೆ, ನನಗೇ ಅಸಹ್ಯ ಆಗತ್ತೆ. ಎರಡು ತಿಂಗಳಾಯ್ತು. ಔಷಧಿ ತಗೊಂಡಾಗ ಕಮ್ಮಿ, ಬಿಟ್ಟ ವಾರಕ್ಕೆ ಮತ್ತೆ.

ಉತ್ತರ: ಹಲ್ಲಿನ ಡಾಕ್ಟ್ರಿಗೆ ತೋರಿಸಿದ್ರಾ? ಮೇಲ್ದವಡೆ ಹಿಂದಿನ ಹಲ್ಲುಗಳ ಬೇರು ಕೆನ್ನೆ ಸೈನಸ್‌ನ ನೆಲಕ್ಕೆ ಅಂಟಿಕೊಂಡೇ ಇರತ್ತೆ, ಕೆಲವರಲ್ಲಿ ಮಧ್ಯೆ ತೆಳ್ಳನೆ ಪೊರೆ ಬಿಟ್ರೆ ಮೂಳೆಯೇ ಇರಲ್ಲ. ಬೇರಿನ ತುದಿಯಲ್ಲಿ ಕೀವಾದ್ರೆ ಅದು ಕೆಳಗೆ ಬಾಯಿಗೆ ಬರೋ ಬದಲು ಮೇಲೆ ಸೈನಸ್‌ಗೆ ಹೋಗತ್ತೆ, ಹಲ್ಲು ನೋಯಲೇಬೇಕು ಅಂತಾನೂ ಇಲ್ಲ. ಕೆನ್ನೆ ಸೈನಸ್‌ಗೆ ತನ್ನ ಹೆಸರು ಅಂಟಿಸಿ ಹೋದ ಇಂಗ್ಲಿಷ್ ವೈದ್ಯ ನಥಾನಿಯೆಲ್ ಹೈಮೋರ್ 1651ರ ತನ್ನ ಪುಸ್ತಕದಲ್ಲಿ, ಹಲ್ಲು ಕೀಳಿಸಿಕೊಂಡ ಒಬ್ಬ ಹೆಂಗಸು ಆ ತೂತಿಗೆ ಸಲಾಕೆ ಹಾಕಿ ನೋಡಿ, ಅದು ಒಳಗೆ ಹೋಗ್ತಾನೇ ಇದ್ದದ್ದಕ್ಕೆ ಗಾಬರಿ ಬಿದ್ದ ಕಥೆ ಬರೆದಿದಾನೆ. ಸಲಾಕೆ ಹೋಗಿದ್ದು ಸೈನಸ್ ಒಳಕ್ಕೆ. ನಿಮ್ಮದು ಹಲ್ಲಿನಿಂದಲೇ ಆಗಿದ್ರೆ ಆ ಹಲ್ಲಿಗೆ ದಾರಿ ಕಾಣಿಸೋ ತನಕ ಎಷ್ಟು ಕೋರ್ಸ್ ನುಂಗಿದ್ರೂ ಇದೇ ಗತಿ. ಹಲ್ಲು ಸರಿ ಇದೆ ಅಂತಾದ್ರೆ ಇಎನ್‌ಟಿಯಲ್ಲಿ ಎಂಡೋಸ್ಕೋಪ್ (ಮೂಗೊಳಗೆ ನೋಡೋ ಸಣ್ಣ ದುರ್ಬೀನು) ಹಾಕಿ ನೋಡಲೇಬೇಕು, ಒಂದೇ ಕಡೆ ಇರೋ ಯಾವ ಮೂಗಿನ ತೊಂದರೆಯನ್ನೂ ನಾವು ಹಗುರವಾಗಿ ತಗೊಳ್ಳಲ್ಲ, ಫಂಗಸ್ ಗಂಟು ಇರಬಹುದು, ಅಪರೂಪಕ್ಕೆ ಗೆಡ್ಡೆಯೂ ಇರಬಹುದು.

ಪ್ರಶ್ನೆ: ಮೂಗಲ್ಲಿ ಮಾಂಸ ಬೆಳೆದಿದೆ ಅಂತ 5 ವರ್ಷದ ಹಿಂದೆ ಆಪರೇಷನ್ ಆಯ್ತು. ಒಂದು ವರ್ಷ ಚೆನ್ನಾಗಿದ್ದೆ. ಈಗ ಮತ್ತೆ ಮೂಗು ಕಟ್ಟಿದೆ, ಯಾವ ವಾಸನೆಯೂ ಗೊತ್ತಾಗಲ್ಲ, ಗ್ಯಾಸ್ ಲೀಕಾದ್ರೂ ತಿಳಿಯಲ್ಲ. ಉಬ್ಬಸವೂ ಇದೆ. ಆಪರೇಷನ್ ಸರಿಯಾಗಿ ಮಾಡಿಲ್ವಾ?

ಉತ್ತರ: ಹಾಗೆ ಹೇಳೋಕೆ ಬರಲ್ಲ. 12 ವಾರ ದಾಟಿದ ಸೈನಸ್ ತೊಂದರೆ ಬೇರೇನೇ ಕಾಯಿಲೆ ಅಂತ ತಿಳ್ಕೊಳ್ಳಿ. ಅಲ್ಲಿ ಸೋಂಕಿಗಿಂತ ಒಳಪದರದ ಉರಿಯೂತವೇ ಮುಖ್ಯ, ಕೆಲವರಲ್ಲಿ ಆ ಪದರ ಊದಿ ಊದಿ ಸಿಪ್ಪೆ ಸುಲಿದ ದ್ರಾಕ್ಷಿ ತರ ಜೋತು ಬೀಳತ್ತೆ, ಅದೇ ಪಾಲಿಪ್, ಜನ ಮಾಂಸ ಅನ್ನೋದು ಅದನ್ನೇ. (ಎಲ್ಲರ ಮೂಗಲ್ಲೂ ಹುಟ್ಟಿನಿಂದ ಇರೋ ಟರ್ಬಿನೇಟ್ ಅನ್ನೋ ದಿಂಡನ್ನ ಕನ್ನಡಿಯಲ್ಲಿ ನೋಡಿ ಮಾಂಸ ಬೆಳೆದಿದೆ ಅಂತ ಓಡಿ ಬರೋರೂ ಇದಾರೆ, ಪಾಲಿಪ್ ಮುಟ್ಟಿದ್ರೆ ನೋವಾಗಲ್ಲ, ಟರ್ಬಿನೇಟ್ ಮುಟ್ಟಿದ್ರೆ ಕೂಗ್ತಾರೆ.) ಎಂಡೋಸ್ಕೋಪಿಕ್ ಆಪರೇಷನ್ ಮಾಡೋದು ಮುಚ್ಚಿದ ಬಾಗಿಲು ಅಗಲ ಮಾಡೋಕೆ, ಔಷಧಿ ಒಳಗೆ ತಲುಪೋಕೆ. ಪದರದ ಸ್ವಭಾವ ಅದರಿಂದ ಬದಲಾಗಲ್ಲ. ಹಾಗಾಗಿ ಆಪರೇಷನ್ ಆದ ಮೇಲೂ ತೊಳೆಯೋದು, ಸ್ಪ್ರೇ ಹೊಡೆಯೋದು ವರ್ಷಗಟ್ಟಲೆ ನಡೀಬೇಕು. ನೀವು ಎಷ್ಟು ತಿಂಗಳಿಗೆ ನಿಲ್ಲಿಸಿದ್ರಿ ಅಂತ ಬರೆದಿಲ್ಲ, ನಾನೂ ಕೇಳಲ್ಲ.

ಉಬ್ಬಸ ಇದೆ ಅಂದ್ರಲ್ಲ, ಆಸ್ಪಿರಿನ್ ಇಲ್ಲಾ ಐಬುಪ್ರೊಫೆನ್ ತರದ ನೋವಿನ ಮಾತ್ರೆ ತಗೊಂಡಾಗ ಉಸಿರು ಕಟ್ಟಿದ್ದು ನೆನಪಿದೆಯಾ? ಪಾಲಿಪ್, ಉಬ್ಬಸ, ಆಸ್ಪಿರಿನ್ ಆಗದೇ ಇರೋದು, ಈ ಮೂರು ಒಟ್ಟಿಗೆ ಬರೋರಿದಾರೆ, ಅವರಲ್ಲಿ ಪಾಲಿಪ್ ಮತ್ತೆ ಮತ್ತೆ ಬೆಳೆಯತ್ತೆ. ಹೌದು ಅಂತಾದ್ರೆ ಆ ಮಾತ್ರೆ ಮುಟ್ಟಬೇಡಿ, ಡಾಕ್ಟ್ರಿಗೆ ಮೊದಲು ಅದನ್ನೇ ಹೇಳಿ. ಸ್ಪ್ರೇ, ಸ್ವಲ್ಪ ದಿನದ ಸ್ಟೀರಾಯ್ಡ್ ಮಾತ್ರೆ, ಆಪರೇಷನ್, ಯಾವುದಕ್ಕೂ ಬಗ್ಗದೇ ಇದ್ರೆ ಡುಪಿಲುಮ್ಯಾಬ್ ತರದ ಇಂಜೆಕ್ಷನ್‌ಗಳಿವೆ, 2019ರಿಂದ ಪಾಲಿಪ್‌ಗೆ ಬಳಕೆಯಲ್ಲಿದೆ, ದುಬಾರಿ. ಮನೆಯಲ್ಲಿ ಗ್ಯಾಸ್ ಲೀಕ್ ಆದ್ರೆ ಕೂಗೋ ಅಲಾರ್ಮ್ ಒಂದು ಹಾಕಿಸಿ, ಇದನ್ನ ಮಾತ್ರ ಇವತ್ತೇ ಮಾಡಿ.

ಪ್ರಶ್ನೆ: ಅಮ್ಮನಿಗೆ 62 ವರ್ಷ, ಶುಗರ್ ಹತೋಟಿಯಲ್ಲಿಲ್ಲ. ಐದು ದಿನದಿಂದ ಒಂದು ಕೆನ್ನೆ ಮರಗಟ್ಟಿದೆ ಅಂತಿದಾರೆ, ಮೂಗು ಕಟ್ಟಿದೆ. ಸೈನಸ್ ಅಂತ ಸುಮ್ನಿದೀವಿ.

ಉತ್ತರ: ಈ ಪತ್ರಕ್ಕೆ ಉತ್ತರ ಆಗಲೇ ಫೋನಲ್ಲಿ ಹೇಳಿಸಿದೀನಿ, ಬೇರೆಯವರಿಗೂ ಗೊತ್ತಿರಲಿ ಅಂತ ಇಲ್ಲಿ ಹಾಕ್ತಿದೀನಿ. ಶುಗರ್ ಏರಿರೋರಿಗೆ, ಕಿಮೋ ನಡೀತಿರೋರಿಗೆ, ಜಾಸ್ತಿ ಸ್ಟೀರಾಯ್ಡ್ ಮಾತ್ರೆ ತಗೊಳ್ತಿರೋರಿಗೆ ದಿನ ಎಣಿಸೋ ಲೆಕ್ಕ ನಡೆಯಲ್ಲ. ಕೆನ್ನೆ ಮರಗಟ್ಟೋದು, ಅಂಗುಳದಲ್ಲೋ ಮೂಗಲ್ಲೋ ಕಪ್ಪು ಕಲೆ, ಹಲ್ಲು ಅಲ್ಲಾಡೋದು, ರೆಪ್ಪೆ ಜೋತು ಬೀಳೋದು, ಇವು ಮ್ಯೂಕರ್ ಫಂಗಸ್‌ನ ಗುರುತು, 2021ರಲ್ಲಿ ಕೋವಿಡ್ ಜೊತೆ ಬ್ಲ್ಯಾಕ್ ಫಂಗಸ್ ಅಂತ ಕೇಳಿದ್ರಲ್ಲ ಅದೇ. ರಕ್ತನಾಳಕ್ಕೇ ನುಗ್ಗಿ ಗಂಟೆ ಗಂಟೆಗೂ ಹಬ್ಬತ್ತೆ. ಅವತ್ತೇ ಆಸ್ಪತ್ರೆ.

ಫಂಗಸ್ ಅಲ್ಲದಿದ್ರೂ, ಯಾರಿಗೇ ಆಗಲಿ, ಕಣ್ಣಿನ ಸುತ್ತ ಊದಿ ಕೆಂಪಾದ್ರೆ, ಎರಡೆರಡು ಕಂಡ್ರೆ, ಹಣೆ ಮೇಲೆ ಮೆತ್ತನೆ ಊತ ಎದ್ರೆ, ಕತ್ತು ಬಗ್ಗಿಸೋಕಾಗದಂಥ ತಲೆನೋವು ಬಂದ್ರೆ, ಮಾತು ತೊದಲಿದ್ರೆ ರಾತ್ರಿಯಾಗಿದೆ ಬೆಳಿಗ್ಗೆ ನೋಡೋಣ ಅನ್ನಬೇಡಿ. ಕಣ್ಣಿಗೂ ಪಕ್ಕದ ಸೈನಸ್‌ಗೂ ಮಧ್ಯೆ ಇರೋ ಮೂಳೆ ಕಾಗದದಷ್ಟು ತೆಳು, ವೈದ್ಯ ಪುಸ್ತಕದಲ್ಲಿ ಅದರ ಹೆಸರಿನ ಅರ್ಥವೇ ಕಾಗದದ ಹಾಳೆ ಅಂತ. ಮಕ್ಕಳಲ್ಲಿ ಇದು ಇನ್ನೂ ಬೇಗ ದಾಟತ್ತೆ.

ಪ್ರಶ್ನೆ: ಮಗನಿಗೆ 3 ವರ್ಷ. ಒಂದು ತಿಂಗಳಿಂದ ಬಲ ಹೊಳ್ಳೆಯಿಂದ ಮಾತ್ರ ಹಳದಿ ಸಿಂಬಳ, ಹತ್ರ ಹೋದ್ರೆ ಕೆಟ್ಟ ವಾಸನೆ. ಹಣೆ ಸೈನಸ್ ಅಂತ ಯಾರೋ ಹೇಳಿದ್ರು. ಎರಡು ಕೋರ್ಸ್ ಸಿರಪ್ ಆಯ್ತು.

ಉತ್ತರ: 3 ವರ್ಷದ ಮಗುವಿಗೆ ಹಣೆ ಸೈನಸ್ ಇನ್ನೂ ಸರಿಯಾಗಿ ಹುಟ್ಟೇ ಇರಲ್ಲ ಕಣಮ್ಮ, ಅದು ಆರೇಳು ವರ್ಷಕ್ಕೆ ರೂಪಕ್ಕೆ ಬಂದು, ಹದಿಹರೆಯದ ತನಕ ಬೆಳೀತಾ ಹೋಗತ್ತೆ. ಈ ವಯಸ್ಸಲ್ಲಿ ಒಂದೇ ಹೊಳ್ಳೆ, ಕೆಟ್ಟ ವಾಸನೆ ಅಂದ್ರೆ ನಾನು ಮೊದಲು ಕೇಳೋದು, ಏನು ತುರುಕಿಕೊಂಡ ಅಂತ. ನೀವು ಚಿಮಟ ಹಾಕಿ ತೆಗೆಯೋಕೆ ಹೋಗಬೇಡಿ, ಹಿಂದಕ್ಕೆ ಜಾರಿ ಶ್ವಾಸನಾಳಕ್ಕೆ ಬೀಳಬಹುದು. ಆಟಿಕೆಯ ಬಟನ್ ಬ್ಯಾಟರಿ ಕಾಣೆಯಾಗಿದೆ ಅಂತ ಅನುಮಾನ ಇದ್ರಂತೂ ಈ ಪುಟ ಮಡಚಿ ಎದ್ದು ಹೊರಡಿ, ಅದು ಕೆಲವೇ ಗಂಟೆಯಲ್ಲಿ ಮೂಗಿನ ಮಧ್ಯದ ಗೋಡೆ ಸುಟ್ಟುಬಿಡತ್ತೆ.

ಇಂಥದ್ದೇ ಒಬ್ಬ ಪುಟಾಣಿ ಬಂದಿದ್ದ, ಮೂರು ಕೋರ್ಸ್ ಮುಗಿಸಿ. ಅಪ್ಪ ತೊಡೆ ಮೇಲೆ ಗಟ್ಟಿಯಾಗಿ ಹಿಡ್ಕೊಂಡ್ರು, ಕೊಕ್ಕೆ ಹಾಕಿ ನಿಧಾನಕ್ಕೆ ಎಳೆದೆ, ಒಂದು ಹಳದಿ ಸ್ಪಂಜಿನ ಚೂರು ಬಂತು, ರೂಮ್ ಪೂರ್ತಿ ನಾತ, ನರ್ಸು ಕಿಟಕಿ ತೆಗೆದ್ರು. ಅವರಮ್ಮ ಮೂಗು ಮುಚ್ಕೊಂಡು ಟ್ರೇ ಒಳಗೆ ಬಗ್ಗಿ ನೋಡಿ, "ಅಯ್ಯೋ, ಇದು ನಮ್ಮ ಸೋಫಾದ್ದು" ಅಂದ್ರು.